ಒಂದು ಹಕ್ಕಿಗೆ ಮೂರು ನಂಬರು

ನನಗೆ ಹಕ್ಕಿ ಸಂಘ ಸಿಕ್ಕಿದ್ದು ಬಸ್ಸು ತಪ್ಪಿದ್ದರಿಂದ. ಆ ವರ್ಷದ ಮೊದಲ ಸ್ಟಾಫ್ ಮೀಟಿಂಗಿಗೆ ನಾನು ಪುತ್ತೂರಿನಿಂದ ಹೊರಟು ಶಾಲೆ ಮುಟ್ಟುವಾಗ ಇಪ್ಪತ್ತು ನಿಮಿಷ ತಡವಾಗಿತ್ತು. ಅಷ್ಟರಲ್ಲಿ ಹವ್ಯಾಸ ಸಂಘಗಳನ್ನೆಲ್ಲ ಹಂಚಿ ಮುಗಿಸಿದ್ದರು. ಚೆಸ್ಸು ವಿಜ್ಞಾನದವರಿಗೆ, ಅಡುಗೆ ಹಿಂದಿಯವರಿಗೆ, ಕಸೂತಿ ಪಿ.ಟಿ. ಮಾಸ್ಟ್ರಿಗೆ. ನಗಬೇಡಿ, ಆ ಮನುಷ್ಯ ನಮ್ಮೆಲ್ಲರಿಗಿಂತ ಚೆನ್ನಾಗಿ ಕಸೂತಿ ಹಾಕುತ್ತಾರೆ. ಗೋಡೆ ಪತ್ರಿಕೆ ನ್ಯಾಯವಾಗಿ ಕನ್ನಡ ಟೀಚರಾದ ನನಗೆ ಬರಬೇಕಿತ್ತು, ಅದನ್ನು ಸಮಾಜದವರು ಹೊಡೆದುಕೊಂಡಿದ್ದರು. ಬೋರ್ಡಿನ ಮೇಲೆ ಉಳಿದದ್ದು ಒಂದೇ, ಪಕ್ಷಿ ವೀಕ್ಷಣೆ.

"ಪಾಲಿಗೆ ಬಂದದ್ದು ಪಂಚಾಮೃತ ಟೀಚರ್" ಎಂದರು ಪಿ.ಟಿ. ಮಾಸ್ಟ್ರು.

"ಪಂಚಾಮೃತ ನೀವೇ ಕುಡೀರಿ ಮಾರಾಯ್ರೆ, ನನಗೆ ಸೂಜಿ ದಾರ ಕೊಡಿ" ಎಂದೆ. ಯಾರೂ ಕೊಡಲಿಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ. ಆ ಸಿಟ್ಟು ಹೋಗಲು ಎರಡು ತಿಂಗಳು ಹಿಡಿಯಿತು.

ಹಕ್ಕಿಗಳ ವಿಷಯದಲ್ಲಿ ನನ್ನ ಪಾಂಡಿತ್ಯ ಇಷ್ಟೇ ಇತ್ತು: ಕಾಗೆ ಕಪ್ಪು, ಕೊಕ್ಕರೆ ಬಿಳಿ, ಕೋಳಿ ಸುಕ್ಕ. ಸಂಘದ ಆಸ್ತಿ ಎಂದರೆ ಹಳೆಯ ವಿದ್ಯಾರ್ಥಿಯೊಬ್ಬರು ಕೊಟ್ಟ ಒಂದು ದುರ್ಬೀನು, ಅದರಲ್ಲಿಯೂ ಒಂದು ಕಣ್ಣಿಗೆ ಬೂಷ್ಟು ಹಿಡಿದಿತ್ತು. ಮತ್ತೆ ಗೋಡೆಗೆ ಹಾಕುವ ಒಂದು ಚಿತ್ರಪಟ, ಅದರಲ್ಲಿ ಹಕ್ಕಿಗಳ ಚಿತ್ರ, ಕೆಳಗೆ ಪುಸ್ತಕದ ಕನ್ನಡದಲ್ಲಿ ಹೆಸರು. ಅರ್ಧ ಹೆಸರುಗಳನ್ನು ಗೆದ್ದಲು ತಿಂದಿತ್ತು. ಇಷ್ಟನ್ನು ಇಟ್ಟುಕೊಂಡು ಎಂಟು ಮತ್ತು ಒಂಬತ್ತನೆಯ ತರಗತಿಯ ಹದಿನೆಂಟು ಮಕ್ಕಳನ್ನು ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಸುಧಾರಿಸಬೇಕು.

ನಾನು ಒಂದು ಸುಲಭದ ದಾರಿ ಹುಡುಕಿದೆ. ಒಂದು ದೊಡ್ಡ ರಿಜಿಸ್ಟರ್ ತಂದು ಗೆರೆ ಎಳೆಸಿದೆ. ಕ್ರಮ ಸಂಖ್ಯೆ, ಹಕ್ಕಿಯ ಹೆಸರು, ನೋಡಿದ ಜಾಗ, ನೋಡಿದವರು. ವಾರವಿಡೀ ಮನೆಯ ಹತ್ತಿರ, ದಾರಿಯಲ್ಲಿ, ತೋಟದಲ್ಲಿ ಕಂಡ ಹೊಸ ಹಕ್ಕಿಯನ್ನು ಶನಿವಾರ ಬಂದು ಬರೆಯುವುದು. ಬರೆದಾದ ಮೇಲೆ ಶಾಲೆಯ ಹಿಂದಿನ ಗುಡ್ಡೆಗೆ ಒಂದು ಸುತ್ತು ಹೋಗಿ ಬರುವುದು. ಅವರು ಬರೆಯುವಾಗ ನಾನು ಕಿರುಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಪೀರಿಯಡ್ ಮುಗಿದಾಗ ಪುಟದ ಅಡಿಯಲ್ಲಿ ಸಹಿ ಹಾಕುತ್ತಿದ್ದೆ. ಓದುತ್ತಿರಲಿಲ್ಲ. ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ ಹೇಳಲು ಕೂತ ಮೇಲೆ ಅರ್ಧ ಹೇಳಿ ಪ್ರಯೋಜನ ಇಲ್ಲ.

ರಿಜಿಸ್ಟರ್ ಬರೆಯುವ ಕೆಲಸ ಒಂಬತ್ತನೆಯ ತರಗತಿಯ ಒಬ್ಬಳು ಹುಡುಗಿಯದು. ಈಶ್ವರಮಂಗಲದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದವಳು. ಮನೆಯಲ್ಲಿ ತಂದೆಯ ಕಡೆಯವರದು ಬ್ಯಾರಿ ಭಾಷೆ, ತಾಯಿ ಗಡಿಯಾಚೆಯವರಾದ್ದರಿಂದ ಮಲಯಾಳ. ಶಾಲೆಯಲ್ಲಿ ಕನ್ನಡ, ಗೆಳತಿಯರ ಹತ್ತಿರ ತುಳು. ತಂದೆ ಗಲ್ಫಿನಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಕೆಳಗೆ ಮೂವರು ತಮ್ಮಂದಿರು, ಮನೆಗೆ ಹೋದರೆ ಅವರ ಹಿಂದೆ ಓಡುವುದೇ ಕೆಲಸ. ಶನಿವಾರದ ಆ ನಲವತ್ತು ನಿಮಿಷ ಯಾರನ್ನೂ ಎತ್ತಿಕೊಳ್ಳದೆ, ಯಾರಿಗೂ ಬಡಿಸದೆ, ತಲೆಯೆತ್ತಿ ನಡೆಯುವುದು ಅವಳಿಗೆ ಎಷ್ಟು ಇಷ್ಟ ಎಂಬುದು ಅವಳು ಗುಡ್ಡೆ ಹತ್ತುವ ಚುರುಕಿನಲ್ಲೇ ಗೊತ್ತಾಗುತ್ತಿತ್ತು. ಶುಕ್ರವಾರ ತಂದೆಗೆ ರಜೆ. ಅವರು ಫೋನ್ ಮಾಡಿದಾಗ ಮೊದಲು ಕೇಳುತ್ತಿದ್ದದ್ದು, "ಹಕ್ಕಿ ಎಷ್ಟಾಯ್ತು?" ಅವರು ಇರುವಲ್ಲಿ ಪಾರಿವಾಳ ಬಿಟ್ಟರೆ ಏನೂ ಕಾಣುವುದಿಲ್ಲವಂತೆ.

ಅವಳ ಶಿಸ್ತು ನೋಡಿ ನನಗೆ ಆಶ್ಚರ್ಯವಾಗುತ್ತಿತ್ತು. ಯಾರಾದರೂ ಹಕ್ಕಿಯ ಹೆಸರು ಹೇಳಿದರೆ ಹಾಗೇ ಬರೆದುಕೊಳ್ಳುತ್ತಿರಲಿಲ್ಲ. "ಎಲ್ಲಿ ನೋಡಿದ್ದು? ಎಂತ ಮಾಡ್ತಾ ಇತ್ತು? ಒಬ್ಬನೇ ನೋಡಿದ್ದಾ, ಮನೆಯವರೂ ನೋಡಿದ್ದಾರಾ?" ಎಂದು ಪೊಲೀಸರ ಹಾಗೆ ವಿಚಾರಿಸಿ, ತೃಪ್ತಿಯಾದರೆ ಮಾತ್ರ ನಂಬರು ಕೊಡುತ್ತಿದ್ದಳು. ಐವರ್ನಾಡಿನಿಂದ ಬಂದು ಸೇರಿದ್ದ ಹುಡುಗನೊಬ್ಬ ಹದ್ದಿನ ಗಾತ್ರದ ಗುಬ್ಬಿ ನೋಡಿದ್ದೇನೆಂದು ಹೇಳಿ ಅವಳಿಂದ ಬೈಸಿಕೊಂಡಿದ್ದ. ಅವಳೇ ಒಮ್ಮೆ 'ಉಪ್ಪನ್' ಎಂದು ಬರೆದಾಗ ಹುಡುಗರೆಲ್ಲ ನಕ್ಕರು. ಅವರ ಮನೆಯಲ್ಲಿ ತಂದೆಗೆ ಉಪ್ಪ, ತಾಯಿಗೆ ಉಮ್ಮ ಎನ್ನುತ್ತಾರಲ್ಲ, "ನಿನ್ನ ಉಪ್ಪ ದುಬಾಯಿಂದ ಹಾರಿಕೊಂಡು ಬಂದ್ರಾ?" ಎಂದು ಕೇಳಿದರು. "ನಮ್ಮ ಉಮ್ಮ ಆ ಹಕ್ಕಿಗೆ ಹೇಳುದೇ ಹಾಗೆ. ನಾನು ಬದಲಾಯಿಸ್ಲಿಕ್ಕೆ ಆಗುದಿಲ್ಲ" ಎಂದು ಅವಳು ನಂಬರು ಹಾಕಿ ಮುಂದೆ ಹೋದಳು.

ಆಗಸ್ಟಿನಲ್ಲಿ ಹೆಡ್‌ಮಾಸ್ಟ್ರು ನನ್ನನ್ನು ಕರೆಸಿದರು. ಅವರು ಘಟ್ಟದ ಮೇಲಿನವರು, ತಿಪಟೂರಿನ ಕಡೆಯವರು, ಗಣಿತದ ಮೇಷ್ಟ್ರು. ಕೆಟ್ಟವರಲ್ಲ, ಆದರೆ ಹತ್ತನೆಯ ತರಗತಿಯ ಫಲಿತಾಂಶ ಅವರ ತಲೆಯ ಮೇಲೆ ಕೂತಿತ್ತು. "ಟೀಚರ್, ಚೆಸ್‌ನೋರು ಟೂರ್ನಮೆಂಟ್ ಮಾಡ್ತಾರೆ, ಅಡುಗೆಯೋರು ಆಟಿ ತಿಂಗಳಲ್ಲಿ ಪತ್ರೊಡೆ ಮಾಡಿ ಬಡಿಸಿದ್ರು. ನಿಮ್ಮ ಸಂಘದಲ್ಲಿ ತೋರಿಸೋಕೆ ಏನಿದೆ? ಹಕ್ಕಿ ಹಾರಿಹೋಗತ್ತೆ" ಎಂದರು. ಆ ಪೀರಿಯಡ್ಡಿಗೆ ವಿಶೇಷ ಗಣಿತ ತರಗತಿ ಇಟ್ಟರೆ ಮುಂದಿನ ವರ್ಷದ ಹತ್ತನೆಯವರಿಗೆ ಈಗಲೇ ಬುನಾದಿ ಆಗುತ್ತದೆ ಎಂಬುದು ಅವರ ಲೆಕ್ಕ. ರಿಜಿಸ್ಟರ್ ಕೊಡಲು ಬಾಗಿಲಲ್ಲಿ ನಿಂತಿದ್ದ ಹುಡುಗಿಗೆ ಇದೆಲ್ಲ ಕೇಳಿತು. ಅವಳ ಮುಖ ನೋಡಿ ಅವರಿಗೂ ಏನನ್ನಿಸಿತೋ. "ಸರಿ, ಡಿಸೆಂಬರ್ ಮುಗಿಯೋದ್ರೊಳಗೆ ನೂರು ಹಕ್ಕಿ ಬರೆದು ತನ್ನಿ. ನೂರಾದ್ರೆ ಪೀರಿಯಡ್ ನಿಮ್ಮದು. ಒಂದು ಕಮ್ಮಿ ಆದ್ರೂ ಗಣಿತ" ಎಂದರು.

ಅವತ್ತಿನಿಂದ ಮಕ್ಕಳಿಗೆ ಹುಚ್ಚು ಹಿಡಿಯಿತು. ನಾನು ಮೂಲೆಯಲ್ಲಿ ಕೂತು ಮೆಚ್ಚಿಕೊಂಡದ್ದು ಆ ದಿನಗಳನ್ನು. ಒಬ್ಬ ಪೆರಾಬೆಯ ಅಜ್ಜಿ ಮನೆಗೆ ದಸರಾ ರಜೆಗೆ ಹೋದವನು ಅಜ್ಜಿಯನ್ನೇ ಬೆಳಗ್ಗೆ ಎಬ್ಬಿಸಿ ಸಾಕ್ಷಿಗೆ ನಿಲ್ಲಿಸಿಕೊಂಡು ಐದು ಹಕ್ಕಿ ಬರೆದುಕೊಂಡು ಬಂದ. ರಬ್ಬರ್ ಟ್ಯಾಪಿಂಗಿಗೆ ಹೋಗುವ ತಂದೆಯ ಜೊತೆ ಹೋಗಿ ಮರಕುಟಿಗ ನೋಡಿ ಬಂದವಳೊಬ್ಬಳು ಅದು ಕುಟ್ಟುವ ರೀತಿಯನ್ನು ಡೆಸ್ಕಿನ ಮೇಲೆ ಕುಟ್ಟಿ ತೋರಿಸಿದಳು. ಪಾಠದಲ್ಲಿ ಬಾಯಿ ಬಿಡದ ಮಕ್ಕಳು ಇಲ್ಲಿ ಎದ್ದು ನಿಂತು ಬಣ್ಣ, ಬಾಲ, ಕೂಗು ಎಲ್ಲ ವರ್ಣಿಸುತ್ತಿದ್ದರು. ನಾನು ಪೇಪರು ತಿದ್ದುವುದನ್ನು ಬಿಟ್ಟು ಕೇಳಲು ಶುರು ಮಾಡಿದೆ. ಕೇಳಿದೆನೇ ಹೊರತು ಬರೆದದ್ದನ್ನು ಆಗಲೂ ಓದಲಿಲ್ಲ. ನವೆಂಬರ್ ಕೊನೆಗೆ ನೂರು ದಾಟಿತು. ನೂರ ಮೂರಕ್ಕೆ ನಿಂತಾಗ ಹುಡುಗಿ ತಂದೆಗೆ ಫೋನಿನಲ್ಲಿ ಹೇಳಿದಳಂತೆ, ಅವರು ಅಂಗಡಿಯಲ್ಲಿ ಎಲ್ಲರಿಗೂ ಚಹಾ ಕೊಡಿಸಿದರಂತೆ.

ಡಿಸೆಂಬರಿನ ಮೊದಲ ಶನಿವಾರ. ನಾವೆಲ್ಲ ಬಿಸಿಯೂಟದ ಅಡುಗೆ ಕೋಣೆಯ ಹಿಂದೆ ನಿಂತಿದ್ದೆವು. ಕಂಪೌಂಡಿನ ಆಚೆ ಪೊದೆಯಿಂದ ಒಂದು ಹಕ್ಕಿ ಕುಪ್ಪಳಿಸಿಕೊಂಡು ಬಂದು ಗೋಡೆಯ ಮೇಲೆ ಕೂತಿತು. ಕಾಗೆಗಿಂತ ದೊಡ್ಡದು, ಮೈ ಕಪ್ಪು, ರೆಕ್ಕೆ ಇಟ್ಟಿಗೆ ಬಣ್ಣ, ಕಣ್ಣು ಕೆಂಡದ ಹಾಗೆ ಕೆಂಪು.

"ಕುಪ್ಪುಳು" ಎಂದ ತುಳು ಮನೆಯ ಹುಡುಗ.

"ಉಪ್ಪನ್" ಎಂದಳು ನಮ್ಮ ಹುಡುಗಿ.

ಚಿತ್ರಪಟವನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ ಮೂರನೆಯವಳು ಅದನ್ನು ಬಿಡಿಸಿ, ಬೆರಳಿಟ್ಟು, "ಇದು ಕೆಂಬೂತ" ಎಂದಳು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಹಕ್ಕಿ ಮಾತ್ರ ತನ್ನ ಪಾಡಿಗೆ ಗೋಡೆಯಿಂದ ಇಳಿದು ಪೊದೆಯೊಳಗೆ ಹೋಯಿತು. ಹುಡುಗಿ ಅಲ್ಲೇ ನೆಲದ ಮೇಲೆ ಕೂತು ರಿಜಿಸ್ಟರ್ ತೆರೆದಳು. ಹನ್ನೆರಡು, ಕೆಂಬೂತ. ಮೂವತ್ತೆಂಟು, ಕುಪ್ಪುಳು. ಎಪ್ಪತ್ತೇಳು, ಉಪ್ಪನ್. ಒಂದೇ ಹಕ್ಕಿಗೆ ಮೂರು ನಂಬರು.

ನನ್ನ ಅವಸ್ಥೆ ಹೇಳಬೇಕು. ನಾನು ತುಳು ಮನೆಯಲ್ಲಿ ಹುಟ್ಟಿದವಳು. ಕುಪ್ಪುಳು ನಮ್ಮ ಹಿತ್ತಿಲಲ್ಲಿ ಕೂಗುವುದನ್ನು ಕೇಳಿಕೊಂಡು ಬೆಳೆದವಳು. ಇಪ್ಪತ್ತೆರಡು ವರ್ಷದಿಂದ "ನವಿಲು ಕುಣಿಯಿತೆಂದು ಕೆಂಬೂತ ಕುಣಿಯಿತಂತೆ" ಎಂಬ ಗಾದೆಯನ್ನು ಮಕ್ಕಳಿಂದ ವಿಸ್ತರಿಸಿ ಬರೆಸಿದವಳು. ಕೆಂಬೂತ ಎಂದರೆ ಎಲ್ಲೋ ಹಳೆಯ ಕಾಲದ, ಪುಸ್ತಕದೊಳಗಿನ ಒಂದು ಹಕ್ಕಿ ಎಂದು ತಿಳಿದಿದ್ದೆ. ಅದು ನಮ್ಮ ಕುಪ್ಪುಳುವೇ ಎಂದು ಒಂದು ದಿನವೂ ಹೊಳೆದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಹುಡುಗಿಗೆ ನನ್ನ ಗಾದೆಯ ಗೊಡವೆ ಇರಲಿಲ್ಲ. ಒಂದು ಕಡೆ ಹೀಗಾದರೆ ಇನ್ನೆಷ್ಟು ಕಡೆ ಆಗಿದೆಯೋ ಎಂದು ಅವಳಿಗೆ ಭಯ ಹತ್ತಿತು. ಮುಂದಿನ ವಾರವಿಡೀ ಊಟದ ಬಿಡುವಿನಲ್ಲಿ ಹದಿನೆಂಟು ಮಂದಿಯನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಕೇಳಿದಳು. ನೀನು ಬರೆದ ಗಿಡಿ ಹೇಗಿತ್ತು, ಬಾಲ ಹೇಗೆ, ಕೊಕ್ಕು ಹೇಗೆ. ಗಿಡಿ, ಪರುಂದ್, ಹದ್ದು ಮೂರೂ ಒಂದೇ ಎಂದಾಯಿತು. ಕೊರೊಂಗು, ಕೊಕ್ಕ್, ಬೆಳ್ಳಕ್ಕಿ ಕೂಡ ಒಂದೇ ಗದ್ದೆಯಲ್ಲಿ ಒಂದೇ ದನದ ಹಿಂದೆ ನಡೆಯುವ ಹಕ್ಕಿ. ಪ್ರತಿಯೊಂದು ಮನೆಯೂ ತನ್ನ ಹೆಸರಿನಿಂದ ಕಂಡದ್ದನ್ನು ಬರೆದಿತ್ತು. ಸುಳ್ಳು ಯಾರೂ ಹೇಳಿರಲಿಲ್ಲ. ಅವಳು ಸ್ಕೇಲ್ ಇಟ್ಟು ಕೆಂಪು ಪೆನ್ನಿನಿಂದ ಒಂದೊಂದನ್ನೇ ಹೊಡೆಯುತ್ತ, ಎಲ್ಲ ಹೆಸರುಗಳನ್ನೂ ಮೊದಲ ನಂಬರಿನ ಮುಂದೆ ಸಾಲಾಗಿ ಬರೆಯುತ್ತ ಬಂದಳು. ಶುಕ್ರವಾರ ನನ್ನ ಮುಂದೆ ರಿಜಿಸ್ಟರ್ ಇಟ್ಟಳು. ನೂರ ಮೂರು ಇದ್ದದ್ದು ಎಪ್ಪತ್ತೊಂದು ಆಗಿತ್ತು.

ಡಿಸೆಂಬರ್ ಮುಗಿಯಲು ಎರಡು ವಾರ. ಅಷ್ಟರಲ್ಲಿ ಇನ್ನೂ ಇಪ್ಪತ್ತೊಂಬತ್ತು ಹೊಸ ಹಕ್ಕಿಯನ್ನು ಯಾವ ಕಾಡಿನಿಂದ ಹಿಡಿದು ತರುವುದು?

ನಾನು ಬಾಗಿಲು ಎಳೆದು, ಸ್ವರ ತಗ್ಗಿಸಿ ಹೇಳಿದೆ. "ನೋಡು ಮಾರಾಯ್ತಿ, ಹಳೆ ಪುಟಗಳಲ್ಲಿ ನನ್ನ ಸಹಿ ಉಂಟು. ಹೆಡ್‌ಮಾಸ್ಟ್ರು ಓದಿ ನೋಡುವವರಲ್ಲ, ಕೊನೆಯ ನಂಬರು ನೋಡ್ತಾರೆ ಅಷ್ಟೇ. ಹೊಸದಾಗಿ ಒಂದು ಪ್ರತಿ ಬರೆದು ನೂರ ಮೂರು ಅಂತ ಕೊಡುವ. ಪೀರಿಯಡ್ ಉಳೀಲಿ, ಆಮೇಲೆ ನಿಧಾನಕ್ಕೆ ಸರಿ ಮಾಡಿದ್ರಾಯ್ತು."

ನಾನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆ ಮಕ್ಕಳ ಮೇಲಿನ ಪ್ರೀತಿಯಿಂದಲೇ ಹೇಳಿದ್ದು. ಆದರೆ ಹೇಳಿದ್ದು ಹೌದು.

ಅವಳು ರಿಜಿಸ್ಟರಿನ ರಟ್ಟನ್ನು ಉಗುರಿನಿಂದ ಕೆರೆದಳು. ಮತ್ತೆ, "ಟೀಚರ್, ಹದ್ದಿನಷ್ಟು ದೊಡ್ಡ ಗುಬ್ಬಿ ಅಂತ ಹೇಳಿದವನಿಗೆ ನಾನು ಎಲ್ಲರ ಎದುರು ಬೈದಿದ್ದೇನೆ. ಈಗ ನಾನೇ ಇಲ್ಲದ ಹಕ್ಕಿ ಬರೆದು ಕೊಡುದು ಹೇಗೆ?" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು, ಸ್ವರ ಮಾತ್ರ ಅಲುಗಲಿಲ್ಲ.

ಮರುದಿನ ನಾವಿಬ್ಬರೂ ಹೆಡ್‌ಮಾಸ್ಟ್ರ ಕೋಣೆಗೆ ಹೋದೆವು. ಮಾತನಾಡುವುದು ನನ್ನ ಕೆಲಸ ಎಂದುಕೊಂಡಿದ್ದೆ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ಹೇಳಿ ಮುಗಿಸಿದ್ದಳು. "ಸರ್, ನಾವು ನೂರ ಮೂರು ಬರೆದಿದ್ದೆವು. ಒಂದೇ ಹಕ್ಕಿಗೆ ಬೇರೆ ಬೇರೆ ಮನೆಯಲ್ಲಿ ಬೇರೆ ಬೇರೆ ಹೆಸರು ಉಂಟು, ಅದು ನಮಗೆ ಗೊತ್ತಾಗಲಿಲ್ಲ. ಸರಿ ಮಾಡಿದಾಗ ಎಪ್ಪತ್ತೊಂದೇ ಇರುದು."

"ನೂರು ಅಂದಿದ್ದೆ ಅಲ್ವೇನಮ್ಮ?"

"ಹೌದು ಸರ್."

"ಎಪ್ಪತ್ತೊಂದು ನೂರಾಗಲ್ಲ."

"ಆಗುದಿಲ್ಲ ಸರ್."

ಅವರು ಕನ್ನಡಕ ತೆಗೆದು ಒರೆಸಿದರು. "ರಿಜಿಸ್ಟರ್ ಇಲ್ಲಿಟ್ಟು ಹೋಗಿ" ಎಂದರು, ಅಷ್ಟೇ. ಹೊರಗೆ ಕಾದಿದ್ದ ಹದಿನೇಳು ಮಕ್ಕಳಿಗೆ ನಡೆದದ್ದನ್ನು ಹೇಳಿದೆವು. ಒಬ್ಬ ಹುಡುಗ ಸಿಟ್ಟಿನಿಂದ, "ಇವಳಿಗೆ ಸುಮ್ಮನೆ ಇರ್ಲಿಕ್ಕೆ ಆಗುದಿಲ್ವಾ?" ಎಂದ. ನಾನು ಅವನಿಗೆ ಬೈಯಬೇಕಿತ್ತು. ಹಿಂದಿನ ದಿನ ಅದನ್ನೇ ಹೇಳಿದ ನನಗೆ ಬೈಯುವ ಬಾಯಿ ಎಲ್ಲಿಂದ ಬರಬೇಕು?

ಸೋಮವಾರ, ಮಂಗಳವಾರ ಕಳೆದವು. ಬುಧವಾರ ಜವಾನ ರಿಜಿಸ್ಟರನ್ನು ಸ್ಟಾಫ್ ರೂಮಿಗೆ ತಂದುಕೊಟ್ಟ. ಕೊನೆಯ ಪುಟ ತೆರೆದರೆ, ಒಟ್ಟು ಎಪ್ಪತ್ತೊಂದು ಎಂದು ಹುಡುಗಿ ಬರೆದದ್ದರ ಕೆಳಗೆ ಹೆಡ್‌ಮಾಸ್ಟ್ರ ದುಂಡಗಿನ ಅಕ್ಷರ. ಎಪ್ಪತ್ತೆರಡು, ಸಂಬಾರಗಾಗೆ. ನೋಡಿದ ಜಾಗ, ಶಾಲೆಯ ಬಾವಿಯ ಹತ್ತಿರ. ನೋಡಿದವರು, ಮುಖ್ಯೋಪಾಧ್ಯಾಯರು.

"ಟೀಚರ್, ಗೆದ್ರಿ. ಅವರೇ ಬರೆದ ಮೇಲೆ ಇನ್ನು ಪೀರಿಯಡ್ ತೆಗಿತಾರಾ?" ಎಂದರು ಪಿ.ಟಿ. ಮಾಸ್ಟ್ರು. ನನಗೂ ಹಾಗೇ ಅನಿಸಿತು. ಓಡಿಹೋಗಿ ಹುಡುಗಿಗೆ ತೋರಿಸಿದೆ. ಅವಳು ಒಂದು ಕ್ಷಣ ಹಿಗ್ಗಿದಳು. ಆಮೇಲೆ ಹುಬ್ಬು ಗಂಟು ಹಾಕಿ, "ಇದು ಎಂತ ಹಕ್ಕಿ ಟೀಚರ್?" ಎಂದಳು.

"ನನಗೆ ಹೇಗೆ ಗೊತ್ತು? ಘಟ್ಟದ ಮೇಲಿನ ಹೆಸರು. ಅವರು ಬರೆದದ್ದು, ಬಿಡು."

"ವಿಚಾರಿಸದೆ ನಂಬರು ಕೊಡುದು ಹೇಗೆ?" ಎಂದವಳೇ ರಿಜಿಸ್ಟರ್, ಸ್ಕೇಲ್, ಕೆಂಪು ಪೆನ್ನು ಎತ್ತಿಕೊಂಡು ಹೊರಟಳು. ನಾನು ಹಿಂದೆ ಹಿಂದೆ ಓಡಿದೆ. ಇವಳು ಕೈಗೆ ಬಂದದ್ದನ್ನು ಬಾಯಿಗೆ ಬಾರದ ಹಾಗೆ ಮಾಡುತ್ತಾಳೆ ಎಂದು ನನಗೆ ಅಳುವೇ ಬರುವಂತಾಗಿತ್ತು.

ಅವಳು ಹೆಡ್‌ಮಾಸ್ಟ್ರನ್ನೂ ಎಂಟನೆಯ ತರಗತಿಯವರನ್ನು ಕೇಳಿದ ಹಾಗೆಯೇ ಕೇಳಿದಳು, 'ಸರ್' ಒಂದು ಹೆಚ್ಚು ಸೇರಿಸಿ. ಮೈ ಯಾವ ಬಣ್ಣ ಸರ್? ಕಪ್ಪು. ರೆಕ್ಕೆ? ಇಟ್ಟಿಗೆ ಬಣ್ಣ. ಕಣ್ಣು? ಕೆಂಪು. ಹಾರ್ತದಾ ಸರ್? ಹಾರೋದು ಕಮ್ಮಿ, ಬೇಲಿ ಸಂದಿಲಿ ಓಡಾಡತ್ತೆ. ಉತ್ತರ ಹೇಳುತ್ತ ಹೇಳುತ್ತ ಅವರಿಗೆ ಉತ್ಸಾಹ ಬಂದಿತ್ತು. "ಚಿಕ್ಕವನಿದ್ದಾಗ ನಮ್ಮ ತೋಟದ ಬೇಲಿಲಿ ದಿನಾ ನೋಡ್ತಿದ್ದೆ. ಈ ಊರಿಗೆ ಬಂದು ನಾಲ್ಕು ವರ್ಷ ಆಯ್ತು, ಇಲ್ಲೂ ಇದೆ ಅಂತ ಕಂಡಿದ್ದೇ ಮೊನ್ನೆ" ಎಂದರು.

ಅವಳು ರಿಜಿಸ್ಟರಿನ ಮೊದಲ ಪುಟ ತಿರುಗಿಸಿ ಅವರ ಮುಂದೆ ಇಟ್ಟಳು. "ಸರ್, ಇದು ಮೊದಲೇ ಉಂಟು. ಹನ್ನೆರಡನೇದು."

ಅವರು ಸಾಲನ್ನು ಓದಿದರು. ಕೆಂಬೂತ, ಕುಪ್ಪುಳು, ಉಪ್ಪನ್. ಮತ್ತೊಮ್ಮೆ ಓದಿದರು. "ಕೆಂಬೂತ ಅಂದ್ರೆ ಇದೇನಾ?" ಎಂದು ನನ್ನ ಕಡೆ ನೋಡಿದರು. ಕನ್ನಡ ಟೀಚರಾಗಿ ನಾನು ಬಹಳ ಗಂಭೀರವಾಗಿ ತಲೆಯಾಡಿಸಿದೆ. ಹತ್ತು ದಿನದ ಹಿಂದೆ ನನಗೂ ಗೊತ್ತಿರಲಿಲ್ಲ ಎಂದು ಹೇಳಲು ಹೋಗಲಿಲ್ಲ.

"ಹೊಡೆದುಹಾಕ್ಲಾ ಸರ್?" ಎಂದು ಹುಡುಗಿ ಕೇಳಿದಳು.

"ಹೊಡಿ."

ಅವಳು ಅವರ ದುಂಡಗಿನ ಅಕ್ಷರದ ಮೇಲೆ ಸ್ಕೇಲ್ ಇಟ್ಟು ನೇರವಾಗಿ ಕೆಂಪು ಗೆರೆ ಎಳೆದಳು. ಹನ್ನೆರಡನೆಯ ಸಾಲಿನ ಕೊನೆಗೆ 'ಸಂಬಾರಗಾಗೆ' ಎಂದು ಚಂದವಾಗಿ ಸೇರಿಸಿದಳು. ರಿಜಿಸ್ಟರ್ ಮುಚ್ಚಿ ಎದೆಗೊತ್ತಿಕೊಂಡು, "ಎಪ್ಪತ್ತೊಂದೇ ಸರ್" ಎಂದು ಹೇಳಿ ಹೋಗಲು ತಿರುಗಿದಳು.

"ಸ್ಕೇಲ್ ಕೊಡಮ್ಮ ಇಲ್ಲಿ. ಪೆನ್ನೂ ಕೊಡು" ಎಂದರು ಹೆಡ್‌ಮಾಸ್ಟ್ರು.

ಮೇಜಿನ ಮೇಲೆ ಜನವರಿಯಿಂದ ನಡೆಯಬೇಕಾದ ವೇಳಾಪಟ್ಟಿ ಬರೆದಿಟ್ಟಿದ್ದರು. ಶನಿವಾರದ ಕೊನೆಯ ಚೌಕದಲ್ಲಿ 'ವಿಶೇಷ ಗಣಿತ' ಎಂದಿತ್ತು. ಅವರು ಅದರ ಮೇಲೆ ಸ್ಕೇಲ್ ಇಟ್ಟು ಅವಳು ಎಳೆದ ಹಾಗೆಯೇ ಒಂದು ಕೆಂಪು ಗೆರೆ ಎಳೆದರು. ಮೇಲೆ 'ಹಕ್ಕಿ' ಎಂದು ಬರೆದರು. ಸ್ಕೇಲ್ ಹಿಂದೆ ಕೊಟ್ಟು ತಮ್ಮ ಫೈಲಿನ ಕಡೆ ಬಗ್ಗಿದರು.

ವರಾಂಡಕ್ಕೆ ಬಂದ ಮೇಲೆ ಹುಡುಗಿ ಕಂಬಕ್ಕೆ ಒರಗಿ ಅತ್ತಳು. ಅಷ್ಟು ದಿನ ಹಿಡಿದಿಟ್ಟದ್ದೆಲ್ಲ ಒಟ್ಟಿಗೆ ಬಂತು. ನಾನು ಸೆರಗಿನಿಂದ ಅವಳ ಮುಖ ಒರೆಸಿದೆ. ಎಷ್ಟು ಮಕ್ಕಳಿಗೆ ಪಾಠ ಮಾಡಿದ್ದೇನೆ, ಒಂದು ಮಗುವಿನ ಮುಂದೆ ಇಷ್ಟು ಸಣ್ಣವಳಾಗಿ, ಇಷ್ಟು ಸಂತೋಷದಿಂದ ನಿಂತದ್ದು ಅದೇ ಮೊದಲು.

"ಆ ದಿನ ನಾನು ನಿನಗೆ ಹೇಳಿದ್ದು ತಪ್ಪು" ಎಂದೆ.

ಅವಳು ಮೂಗೆಳೆದುಕೊಂಡು, ನನ್ನನ್ನೇ ಸಮಾಧಾನ ಮಾಡುವವಳ ಹಾಗೆ ಹೇಳಿದಳು. "ಪರ್ವಾಗಿಲ್ಲ ಟೀಚರ್. ನಿಮಗೆ ಹಕ್ಕಿ ವಿಷಯ ಗೊತ್ತಿಲ್ಲಲ್ಲ."